ತೊಟ್ಟಿಕ್ಕದ ಸೋರಿಕೆ

ಮೀನು ಸಾಗಿಸುವ ಗಾಡಿಯಿಂದ ನೀರು ತೊಟ್ಟಿಕ್ಕಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಐಸ್ ಸುರಿದು ತುಂಬಿಸಿದ ಬಂಗುಡೆ, ಬೂತಾಯಿ ಕ್ರೇಟುಗಳು ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಸೇರುವಷ್ಟರಲ್ಲಿ ಐಸ್ ಅರ್ಧ ಕರಗಿ, ಹಿಂಬಾಗಿಲ ಸಂದಿಯಿಂದ ಇಳಿದು, ರಸ್ತೆಯುದ್ದಕ್ಕೂ ಗೆರೆ ಎಳೆದುಕೊಂಡು ಬಂದಿರುತ್ತದೆ. ನನ್ನ ಭಾವನ ಪಿಕಪ್ಪಿನ ಕತೆಯೂ ಅಷ್ಟೆ. ರಾತ್ರಿ ಸಕಲೇಶಪುರದಿಂದ ಶುಂಠಿಯೋ ಬೀನ್ಸೋ ಹೇರಿಕೊಂಡು ಸುಮಾರು 130 ಕಿಲೋಮೀಟರ್ ಇಳಿಯುವುದು, ಬೆಳಗಿನ ಜಾವ ಮೀನು ತುಂಬಿಕೊಂಡು ಹತ್ತುವುದು. ನಿಲ್ಲಿಸಿದ ಕಡೆಯೆಲ್ಲ ಗಾಡಿಯಡಿ ಒಂದು ಪುಟ್ಟ ಕೆರೆ. ಆ ಕೆರೆಯಲ್ಲಿ ಎಂಜಿನ್ನಿನ ಪಾಲೂ ಇದೆಯೇ ಅಂತ ಯಾರು ಕೇಳಬೇಕು?

ಕೇಳಿದವನು ಡ್ರೈವರ್ ಹುಡುಗ. “ಅಣ್ಣಾ, ಬಾಟ್ಲೀಲಿ ಕೂಲೆಂಟು ಇಳೀತಾ ಐತೆ” ಎಂದ. ಮಾರ್ಚ್ ತಿಂಗಳು. ಭಾವ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಬೇಸಿಗೆ ಕಣೋ, ಆವಿಯಾಗಿರ್ತದೆ. ಒಂದಿಷ್ಟು ನೀರು ಹಾಕು.”

ಹುಡುಗ ಹಾಕಿದ. ಮೂರು ಟ್ರಿಪ್ಪಿಗೆ ಅರ್ಧ ಲೀಟರ್ ಬೇಕಾಯಿತು. ಆಮೇಲೆ ಎರಡು ಟ್ರಿಪ್ಪಿಗೇ ಅಷ್ಟು. ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ ಗುಂಡ್ಯ ದಾಟಿ ಏರು ಹತ್ತುವಾಗ, ಮಾರನಹಳ್ಳಿ ಇನ್ನೂ ದೂರವಿರುವಾಗಲೇ, ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ವಾಲಿತು. ಹುಡುಗ ಬುದ್ಧಿವಂತ, ಬದಿಗೆ ಹಾಕಿ ನಿಲ್ಲಿಸಿದ, ಮುಚ್ಚಳಕ್ಕೆ ಕೈ ಹಚ್ಚದೆ ಮುಕ್ಕಾಲು ಗಂಟೆ ಕಾದ. ಎಂಜಿನ್ ಉಳಿಯಿತು. ಮೀನು ಸ್ವಲ್ಪ ಹಾಳಾಯಿತು. ಭಾವನಿಗೆ ಎಚ್ಚರವಾದದ್ದು ಮೀನು ಹಾಳಾದಾಗ.

‘ಆವಿಯಾಗಿರ್ತದೆ’ ಎನ್ನುವ ಮಾತು ನಮ್ಮಲ್ಲಿ ಹಳೇ ಕಾಲದಿಂದ ಬಂದದ್ದು, ಆ ಕಾಲಕ್ಕೆ ಅದು ಸರಿಯೂ ಆಗಿತ್ತು. ಮೊದಮೊದಲ ಮೋಟಾರು ಗಾಡಿಗಳು ನೀರನ್ನು ಕುದಿಸಿ, ಆವಿಯನ್ನು ಗಾಳಿಗೆ ಬಿಟ್ಟೇ ತಣ್ಣಗಾಗುತ್ತಿದ್ದವು. 1888ರಲ್ಲಿ ಬರ್ತಾ ಬೆಂಜ್ ಎಂಬಾಕೆ, ಗಾಡಿ ಕಟ್ಟಿದ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಗಾಡಿ ಓಡಿಸಿದಾಗ, ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಿಕೊಳ್ಳಬೇಕಾಯಿತು. ಆ ತಾಪತ್ರಯವನ್ನು ನಿಜವಾಗಿ ತಗ್ಗಿಸಿದವನು ಎಂಜಿನಿಯರ್ ವಿಲ್ಹೆಲ್ಮ್ ಮೇಬ್ಯಾಕ್. 1901ರಲ್ಲಿ ರಸ್ತೆಗಿಳಿದ 35 ಅಶ್ವಶಕ್ತಿಯ ಮರ್ಸಿಡಿಸ್‌ಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಕೂರಿಸಿದ, ಅದರಲ್ಲಿ 8,070 ಸಣ್ಣ ಕೊಳವೆಗಳು. ಅದೇ ನೀರು ಸುತ್ತಿ ಸುತ್ತಿ ಬರತೊಡಗಿತು, ತೀರಾ ಸ್ವಲ್ಪ ಸಾಕಾಯಿತು.

ಇಂದಿನ ಗಾಡಿಯಲ್ಲಂತೂ ಅದು ಪೂರ್ತಿ ಮುಚ್ಚಿದ ವ್ಯವಸ್ಥೆ. ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಬಿಸಿಯಾಗಿ ಕೂಲೆಂಟಿಗೆ ಸೇರುತ್ತದೆ. ಅದನ್ನು ಹೊತ್ತು ರೇಡಿಯೇಟರಿಗೆ ಕೊಟ್ಟು ಮತ್ತೆ ಎಂಜಿನ್ನಿಗೆ ಮರಳುವುದು ಏಳೆಂಟು ಲೀಟರ್ ದ್ರವ. ಕುಕ್ಕರಿಗೆ ವೆಯ್ಟ್ ಹಾಕಿದಂತೆ ಇದಕ್ಕೂ ಒತ್ತಡದ ಮುಚ್ಚಳವಿದೆ. ಅದರ ಮೇಲೆ 0.9, 1.1 ಎಂಬ ಅಂಕಿ ಕಾಣುತ್ತದಲ್ಲ, ಅದು ಒಳಗೆ ಎಷ್ಟು ಒತ್ತಡವಾದರೆ ತೆರೆದುಕೊಳ್ಳಬೇಕು ಎಂಬ ಲೆಕ್ಕ. ವಾತಾವರಣಕ್ಕಿಂತ ಒಂದು ಪಟ್ಟು ಹೆಚ್ಚು ಒತ್ತಡವಿದ್ದರೆ ಬರೀ ನೀರೂ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅರ್ಧ ನೀರು ಅರ್ಧ ಗ್ಲೈಕಾಲ್ ಬೆರೆಸಿದರೆ ಇನ್ನೂ ಎಂಟೊಂಬತ್ತು ಡಿಗ್ರಿ ಹೆಚ್ಚಿಗೆ ತಡೆಯುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತಿರುಗಿಸಿದವರ ಮುಖ, ಕೈ ಬೇಯುವುದು ಇದೇ ಕಾರಣಕ್ಕೆ. ಒತ್ತಡ ಹೋದ ಕ್ಷಣ ಇಡೀ ದ್ರವ ಒಮ್ಮೆಗೇ ಕುದಿದು ಮೇಲೇಳುತ್ತದೆ.

ಹಾಗಾಗಿ ಬಾಟ್ಲಿಯಲ್ಲಿ ಮಟ್ಟ ಇಳಿಯಿತೆಂದರೆ ಎಲ್ಲೋ ತೂತಿದೆ. ಆದರೆ ಮಟ್ಟವನ್ನು ಸರಿಯಾದ ಹೊತ್ತಿನಲ್ಲಿ ನೋಡಬೇಕು. ಎಂಜಿನ್ ಬಿಸಿಯಾದಾಗ ಕೂಲೆಂಟು ಏಳೆಂಟು ಲೀಟರಿಗೆ ಮೂರು ನಾಲ್ಕು ನೂರು ಮಿಲಿಲೀಟರ್ ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಬಿಸಿಯಲ್ಲಿ ನೋಡಿ ‘ಸರಿಯಾಗಿದೆ’ ಅಂದವರೂ, ಬಿಸಿಯಲ್ಲಿ ನೋಡಿ ತಣ್ಣಗಿದ್ದಾಗ ನೋಡಿದ್ದಕ್ಕೆ ಹೋಲಿಸಿದವರೂ ಒಂದೇ ದೋಣಿಯಲ್ಲಿದ್ದಾರೆ. ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ನೋಡಿದ್ದೇ ಲೆಕ್ಕ. ಹುಡುಗ ಬಾಟ್ಲಿಯ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಮೀನಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ದಿನಾ ಬರೆಯತೊಡಗಿದ. ಈ ಪುಟ ಮುಂದೆ ಕೆಲಸಕ್ಕೆ ಬಂತು.

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು. ಮುಚ್ಚಳ ಬದಲಾಯಿಸಿದೆವು, ಅದರ ರಬ್ಬರ್ ವಾಶರ್ ಗಟ್ಟಿಯಾದರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟ್ ಆವಿಯಾಗಿ ಹೊರಟುಬಿಡುತ್ತದೆ. ಹೋಸ್ ಪೈಪುಗಳ ಕ್ಲಿಪ್ಪು ಬಿಗಿದೆವು. ಒಬ್ಬ ಹಿತೈಷಿ ರೇಡಿಯೇಟರಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿ ನೋಡಿ ಎಂದರು. ನಗಬೇಡಿ, ಲಾರಿ ಡ್ರೈವರುಗಳು ಇದನ್ನು ಮಾಡುತ್ತ ಬಂದಿದ್ದಾರೆ, ಸೂಜಿಮೊನೆಯಷ್ಟು ತೂತಾದರೆ ಅರಿಶಿನ ಅಲ್ಲಿ ಹೋಗಿ ಕಚ್ಚಿಕೊಂಡು ಊರು ಸೇರಿಸುತ್ತದೆ ಕೂಡ. ಆದರೆ ಅದಕ್ಕೆ ತೂತು ಯಾವುದು, ದಾರಿ ಯಾವುದು ಗೊತ್ತಾಗುವುದಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಅಷ್ಟೇ ಪ್ರೀತಿಯಿಂದ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ‘ಲೀಕ್ ಸ್ಟಾಪ್’ ಡಬ್ಬಿಗಳ ಬಗ್ಗೆಯೂ ನನ್ನ ಅಭಿಪ್ರಾಯ ಇಷ್ಟೇ. ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ಸರಿ, ಊರಲ್ಲಿರುವವನಿಗೆ ಬೇಡ.

ಎರಡನೆಯ ಸುತ್ತು ಒಂದು ಗ್ಯಾರೇಜಿನಲ್ಲಿ. ಅಲ್ಲಿ ಬಾನೆಟ್ ಎತ್ತಿ, ನೆಲಕ್ಕೆ ಬಗ್ಗಿ, ಹೊರಗೆಲ್ಲೂ ಹಸಿ ಕಾಣದೆ, ಐದು ನಿಮಿಷದಲ್ಲಿ ತೀರ್ಪು ಬಂತು: “ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಇಳಿಸಬೇಕು. ಫೇಸಿಂಗ್, ಗ್ಯಾಸ್ಕೆಟ್ ಸೆಟ್, ಲೇಬರ್ ಎಲ್ಲ ಸೇರಿ 38 ಸಾವಿರ.” ಕಾಣದ ಸೋರಿಕೆಗೆಲ್ಲ ಹೆಡ್ ಗ್ಯಾಸ್ಕೆಟ್ಟೇ ಕಾರಣ ಅನ್ನುವುದು ಮನೆಯಲ್ಲಿ ಏನು ಕಳೆದರೂ ಕೆಲಸದವಳನ್ನು ದೂರುವ ಹಾಗೆ. ಕೆಲವು ಸಲ ನಿಜವಿರಬಹುದು. ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಆ ಪದರ ಸುಟ್ಟರೆ ಕೂಲೆಂಟ್ ಸಿಲಿಂಡರಿನೊಳಗೆ ನುಗ್ಗುತ್ತದೆ, ಉರಿದ ಅನಿಲ ಕೂಲೆಂಟಿಗೆ ಬೆರೆಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆದರೆ ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಕೇಳಿದ್ದಕ್ಕೆ ಅವರಿಗೆ ಬೇಸರವಾಯಿತು. ನಾವು ಗಾಡಿ ತೆಗೆದುಕೊಂಡು ಬಂದೆವು.

ಅಷ್ಟರಲ್ಲಿ ಜೂನ್ 1 ಬಂತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಂದಿನಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಲ್ಲ, ಐಸಿಲ್ಲ, ಪಿಕಪ್ಪಿಗೆ ಘಾಟಿಯ ಕೆಲಸವೂ ಇಲ್ಲ. ತೊಳೆದು ಒಣಗಿಸಿ ಶೆಡ್ಡಿನಲ್ಲಿ ನಿಲ್ಲಿಸಿದೆವು. ಗೊಬ್ಬರದ ಅಂಗಡಿಗೆ, ಊರೊಳಗಿನ ಬಾಡಿಗೆಗೆ ಮಾತ್ರ ಓಡುತ್ತಿತ್ತು. ಎಂಜಿನ್ನಿನ ಅಡಿಗೆ ಹಳೆಯ ಟಿವಿ ಪೆಟ್ಟಿಗೆಯ ರಟ್ಟು ಬಿಡಿಸಿ ಹಾಸಿದೆವು. ಹದಿನೈದು ದಿನ ಕಳೆದರೂ ರಟ್ಟಿನ ಮೇಲೆ ಎರಡು ತೊಟ್ಟು ಆಯಿಲ್, ಒಂದು ಜಿರಲೆ ಬಿಟ್ಟರೆ ಬೇರೇನೂ ಇಲ್ಲ. ಬಾಟ್ಲಿಯ ಮಟ್ಟ ಮಾತ್ರ ಗೆರೆಗಿಂತ ಒಂದು ಬೆರಳು ಕೆಳಗೆ.

ಇಷ್ಟು ದಿನ ನಾವೆಲ್ಲ ಘಾಟಿಯನ್ನೇ ಬೈಯುತ್ತಿದ್ದೆವು. ಏರಿನಲ್ಲಿ ಎಂಜಿನ್ ಕಾಯುತ್ತದೆ, ಒತ್ತಡ ಹೆಚ್ಚುತ್ತದೆ, ಅಲ್ಲಿ ಸೋರುತ್ತದೆ ಎಂದು. ಹುಡುಗನ ಪುಟ ಬೇರೆ ಹೇಳುತ್ತಿತ್ತು. ಘಾಟಿ ಇಲ್ಲದ ದಿನವೂ ಇಳಿದಿತ್ತು. ಎಷ್ಟು ದೂರ ಓಡಿತು ಎನ್ನುವುದಕ್ಕಿಂತ ಎಷ್ಟು ಸಲ ಬಿಸಿಯಾಗಿ ನಿಂತಿತು ಎನ್ನುವುದಕ್ಕೆ ಅದು ಹೊಂದುತ್ತಿತ್ತು. ಆಗ ನಮಗದು ಹೊಳೆಯಲಿಲ್ಲ ಅನ್ನಿ. ಪುಟ ಕೈಯಲ್ಲೇ ಇತ್ತು.

ಮೂರನೆಯವರಾಗಿ ಬಂದವರು ಪರಿಚಯದ ಒಬ್ಬ ಮೇಸ್ತ್ರಿ. ಅವರೂ ಮೊದಲು ಎಡವಿದರು, ಅದನ್ನು ಮುಚ್ಚಿಡಬೇಕಾಗಿಲ್ಲ. ವಾಟರ್ ಪಂಪಿನ ಕೆಳಗಡೆ ಪೆನ್ಸಿಲ್ ತುದಿಯಷ್ಟು ಒಂದು ತೂತಿರುತ್ತದೆ. ಪಂಪಿನ ಸೀಲು ಸವೆದರೆ ಕೂಲೆಂಟು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಬೀಳಲಿ ಎಂದು ಬೇಕೆಂದೇ ಕೊಟ್ಟ ದಾರಿ ಅದು. ಕನ್ನಡಿ ಹಿಡಿದು ನೋಡಿದಾಗ ಆ ತೂತಿನ ಸುತ್ತ ಗುಲಾಬಿ ಬಣ್ಣದ ಒಣ ಪುಡಿ. “ಸಿಕ್ತು ನೋಡಣ್ಣ” ಎಂದರು ಮೇಸ್ತ್ರಿ. ಕಾದ ಲೋಹದ ಮೇಲೆ ಬಿದ್ದ ಕೂಲೆಂಟಿನ ನೀರಿನ ಪಾಲು ಕೆಳಗೆ ಬೀಳುವ ಮೊದಲೇ ಹಾರಿಹೋಗುತ್ತದೆ. ಅದರಲ್ಲಿರುವ ತುಕ್ಕು ತಡೆಯುವ ಲವಣ, ಬಣ್ಣ ಉಳಿದು ಹೀಗೆ ಹೆಪ್ಪುಗಟ್ಟುತ್ತವೆ. ಒಣಗಿದ ಕಲೆ ಹುಡುಕುವುದು ಹನಿ ಹುಡುಕುವುದಕ್ಕಿಂತ ಒಳ್ಳೆಯ ವಿದ್ಯೆ. ಪಂಪು ಬದಲಾಯಿತು. ಒಂದು ದಿನ ಹೋಯಿತು. ಮಟ್ಟ ಮತ್ತೆ ಇಳಿಯಿತು. ಆ ಪುಡಿ ಯಾವುದೋ ಹಳೆಯ ಕಾಲದ್ದು. ಆ ತೂತಿನ ಬಳಿ ಅಷ್ಟಿಷ್ಟು ಒಣಕಲೆ ಒಳ್ಳೆಯ ಪಂಪಿನಲ್ಲೂ ಇರುತ್ತದೆ ಎಂದು ಆಮೇಲೆ ಅವರೇ ಹೇಳಿದರು.

ಮೇಸ್ತ್ರಿಗೆ ಈಗ ಹಟ ಹುಟ್ಟಿತು. ಹಾಸನದಿಂದ ಕೈಪಂಪೊಂದನ್ನು ತಂದರು. ಸೈಕಲ್ ಪಂಪಿನಂಥದು, ತುದಿಯಲ್ಲಿ ಬಾಟ್ಲಿಯ ಬಾಯಿಗೆ ಹೊಂದುವ ಮುಚ್ಚಳ, ಮೇಲೊಂದು ಗೇಜು. ಗಾಡಿ ಓಡಿಸದೆಯೇ, ಎಂಜಿನ್ ತಣ್ಣಗಿರುವಾಗಲೇ, ಬಿಸಿಯಲ್ಲಿ ಇರುವಷ್ಟು ಒತ್ತಡವನ್ನು ಕೂಲೆಂಟಿನ ಮೇಲೆ ಹೇರುವುದು ಇದರ ಕೆಲಸ. ಎಂಜಿನ್ ಪೂರ್ತಿ ತಣಿದಿರಬೇಕು. ಇಲ್ಲದಿದ್ದರೆ ತಣಿಯುತ್ತ ಬಂದಂತೆ ಒತ್ತಡ ತಾನಾಗಿಯೇ ಇಳಿದು ಇಲ್ಲದ ಸೋರಿಕೆ ತೋರಿಸುತ್ತದೆ. ಸಂಜೆ ಏಳಕ್ಕೆ ಗೇಜಿನ ಮುಳ್ಳನ್ನು ಒಂದರವರೆಗೆ ಏರಿಸಿದರು. ರಾತ್ರಿ ಊಟ ಮಾಡಿ ಬಂದು ನೋಡಿದರೆ ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಅರ್ಧಕ್ಕೂ ಕೆಳಗೆ. ಮುಚ್ಚಳದ ಸಂದಿ, ಹೋಸ್ ತುದಿಗಳು, ರೇಡಿಯೇಟರಿನ ಅಂಚು, ಎಲ್ಲಕ್ಕೂ ಟಿಶ್ಯೂ ಕಾಗದ ಒತ್ತಿ ನೋಡಿದೆವು. ಒಣ. ರಟ್ಟು ಒಣ. ಕ್ಯಾಬಿನ್ನಿನ ಹೀಟರ್ ಸೋರಿದರೆ ಒದ್ದೆಯಾಗುವುದು ಕಾಲಡಿಯ ಮ್ಯಾಟು, ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು ಹಿಡಿಯುತ್ತದೆ. ಅದೂ ಇಲ್ಲ.

ಮೇಸ್ತ್ರಿ ಬೀಡಿ ಹಚ್ಚಿ ಹೇಳಿದ ಲೆಕ್ಕ ಸರಳವಾಗಿತ್ತು. ಎಂಜಿನ್ನಿನಿಂದ ಕೂಲೆಂಟು ಹೊರಡಲು ಮೂರೇ ದಾರಿ. ಹೊರಗೆ ನೆಲಕ್ಕೆ, ಒಳಗೆ ಆಯಿಲಿಗೆ, ಇಲ್ಲ ಸೈಲೆನ್ಸರಿಗೆ. ನೆಲ ಬಿಟ್ಟುಬಿಡಿ. ಆಯಿಲ್ ಕಡ್ಡಿ ಎಳೆದು ನೋಡಿದೆವು, ಕಪ್ಪಗೇ ಇತ್ತು. ಕೂಲೆಂಟ್ ಬೆರೆತಿದ್ದರೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿ ನೊರೆಯಾಗುತ್ತಿತ್ತು, ಕಡ್ಡಿಯ ಮೇಲಿನ ಮಟ್ಟವೂ ಏರುತ್ತಿತ್ತು. ಹಾಗಾದರೆ ಸೈಲೆನ್ಸರ್. ಅಲ್ಲಿಗೂ ಎರಡು ದಾರಿ, ಒಂದು ಸಿಲಿಂಡರಿನ ಮೂಲಕ. ಅದೇ ಹೆಡ್ ಗ್ಯಾಸ್ಕೆಟ್, 38 ಸಾವಿರ.

ಅದನ್ನು ಪರೀಕ್ಷಿಸಿದ ಬಗೆ ಶಾಲೆಯ ಪ್ರಯೋಗದಂತಿತ್ತು. ರಾತ್ರಿಯಿಡೀ ಒತ್ತಡದಲ್ಲಿಟ್ಟ ಎಂಜಿನ್ನಿನ ಗ್ಲೋ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಸೆಲ್ಫ್ ಹೊಡೆದರು. ಯಾವುದಾದರೂ ಸಿಲಿಂಡರಿನಲ್ಲಿ ಕೂಲೆಂಟು ಸೇರಿದ್ದರೆ ಆ ತೂತಿನಿಂದ ಪಿಚಕಾರಿಯಂತೆ ಚಿಮ್ಮಬೇಕು. ಬಂದದ್ದು ಬರೀ ಗಾಳಿ. (ಹೀಗೆ ನೀರು ನಿಂತಿರುವ ಅನುಮಾನವಿದ್ದಾಗ ಪ್ಲಗ್ ಬಿಚ್ಚದೆ ಸ್ಟಾರ್ಟ್ ಮಾಡಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ನಿನ ರಾಡು ಬಾಗುತ್ತದೆ.) ಎಲ್ಲ ಜೋಡಿಸಿ ಎಂಜಿನ್ ಓಡಿಸಿ ಬಾಟ್ಲಿಯ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟರು, ಅದರಲ್ಲಿ ನೀಲಿ ದ್ರಾವಣ. ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ ಅದು. ಕೂಲೆಂಟಿನೊಳಗೆ ಉರಿದ ಅನಿಲ ಸೇರಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ತಾಗಿ ನೀಲಿ ಹಳದಿಯಾಗುತ್ತದೆ. ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದೆವು. ನೀಲಿ ನೀಲಿಯಾಗಿಯೇ ಇತ್ತು. ಹೆಡ್ ಗ್ಯಾಸ್ಕೆಟ್ ಖುಲಾಸೆ.

ಇನ್ನೊಂದು ದಾರಿ ಯಾವುದು ಎಂದು ತೋರಿಸಿದ್ದು ಹುಡುಗನ ಒಂದು ಮಾತು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಅರ್ಧ ನಿಮಿಷ ಬಿಳಿ ಹೊಗೆ ಬರುತ್ತದೆ, ಆಮೇಲೆ ಇಲ್ಲ ಎಂದ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, “ಮಲೆನಾಡಲ್ಲಿ ಚಳೀಗೆ ಎಲ್ಲಾ ಗಾಡೀಲೂ ಬರ್ತದಲ್ಲ” ಎಂದ. ತಪ್ಪೇನಿಲ್ಲ, ಬರುತ್ತದೆ. ಮೇಸ್ತ್ರಿ ಮರುದಿನ ಮುಂಜಾನೆ ಸೈಲೆನ್ಸರಿನ ಹಿಂದೆ ಕೂತು ಕಾದರು. ಹೊಗೆ ಬಂತು. ಮೂಗು ಅರಳಿಸಿದರು. ಡೀಸೆಲ್ ಕಮಟಿನ ನಡುವೆ ಏನೋ ಸಿಹಿ, ಬೆಲ್ಲದ ಪಾಕ ಸೀದ ಹಾಗೆ. ಕೂಲೆಂಟಿನ ಮೂಲವಸ್ತು ಎಥಿಲೀನ್ ಗ್ಲೈಕಾಲ್; ಗ್ಲೈಕಾಲ್, ಗ್ಲೂಕೋಸ್ ಎರಡರ ಹೆಸರಿನಲ್ಲೂ ಇರುವುದು ಸಿಹಿ ಎನ್ನುವ ಒಂದೇ ಗ್ರೀಕ್ ಪದ. ಮೂರು ತಿಂಗಳು ಈ ವಾಸನೆ ಯಾರಿಗೂ ಬಡಿಯದೇ ಇದ್ದದ್ದೇಕೆ ಎಂದು ಕೇಳಬೇಡಿ. ಅದು ಬಂಗುಡೆ ಗಾಡಿ.

ಸೈಲೆನ್ಸರಿಗೆ ಹೋಗುವ ಆ ಇನ್ನೊಂದು ದಾರಿ ಹೀಗೆ. ಡೀಸೆಲ್ ಎಂಜಿನ್ನುಗಳ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಒಂದು ಉಪಾಯವಿದೆ. ಉರಿದ ಅನಿಲದ ಒಂದು ಪಾಲನ್ನು ಸೈಲೆನ್ಸರಿಗೆ ಬಿಡದೆ ಮತ್ತೆ ಎಂಜಿನ್ನಿಗೇ ಕುಡಿಸುವುದು. ಆಗ ಸಿಲಿಂಡರಿನೊಳಗಿನ ಉರಿಯ ತಾಪ ಇಳಿಯುತ್ತದೆ, ಆ ಆಕ್ಸೈಡುಗಳು ಕಡಿಮೆ ಹುಟ್ಟುತ್ತವೆ. ಗ್ಯಾರೇಜಿನವರು ಇದನ್ನು ಇಜಿಆರ್ ಎನ್ನುತ್ತಾರೆ. ಹಾಗೆ ಮರಳುವ ಅನಿಲ ನೂರಾರು ಡಿಗ್ರಿ ಬಿಸಿ, ಅದನ್ನು ತಣಿಸಿಯೇ ಒಳಬಿಡಬೇಕು. ಅದಕ್ಕಾಗಿ ಎಂಜಿನ್ನಿನ ಹಿಂಬದಿಯಲ್ಲಿ, ಕೈ ಹೋಗದ ಸಂದಿಯಲ್ಲಿ, ಅಡಿಗೋಲಿನಷ್ಟು ಉದ್ದದ ಒಂದು ಉಕ್ಕಿನ ಪೆಟ್ಟಿಗೆ ಕೂರಿಸಿರುತ್ತಾರೆ, ಇಜಿಆರ್ ಕೂಲರ್. ಒಳಗೆ ತೆಳು ಕೊಳವೆಗಳು. ಕೊಳವೆಯೊಳಗೆ ಬೆಂಕಿಯಂಥ ಅನಿಲ, ಹೊರಗೆ ಕೂಲೆಂಟು, ನಡುವೆ ಕಾಗದದಂಥ ತಗಡು. ದೇಶವಿಡೀ ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮ ಜಾರಿಗೆ ಬಂದದ್ದು 2017ರ ಏಪ್ರಿಲ್ 1ಕ್ಕೆ, ಐದನ್ನು ಹಾರಿಸಿ 6ಕ್ಕೆ ಹೋದದ್ದು 2020ರ ಏಪ್ರಿಲ್ 1ಕ್ಕೆ. ನಿಯಮ ಬಿಗಿಯಾದ ಹಾಗೆ ಈ ಪೆಟ್ಟಿಗೆಯ ಮೇಲಿನ ಭಾರವೂ ಹೆಚ್ಚಿತು. ದಿನಕ್ಕೆ ಹತ್ತಾರು ಸಲ ಕಾದು ಆರಿ ಕಾದು ಆರಿ ಬೆಸುಗೆಯ ಬಳಿ ಕೂದಲಿನಂಥ ಬಿರುಕು ಬಿಡುತ್ತದೆ.

ಬಿರುಕು ಬಿಟ್ಟರೆ ಸೋರುವುದು ಯಾವಾಗ? ನನಗೆ ಈ ಇಡೀ ಕತೆಯಲ್ಲಿ ರುಚಿಸಿದ್ದು ಇದು. ಎಂಜಿನ್ ಓಡುತ್ತಿರುವಾಗ ಕೊಳವೆಯೊಳಗಿನ ಅನಿಲವೂ ಒತ್ತುತ್ತಿರುತ್ತದೆ, ಕೂಲೆಂಟು ಅಷ್ಟಾಗಿ ನುಗ್ಗಲಾರದು. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ ಕ್ಷಣ ಅನಿಲದ ಒತ್ತಡ ಇಲ್ಲವಾಗುತ್ತದೆ. ಕೂಲೆಂಟಿನ ಒತ್ತಡ ಹಾಗೇ ಇರುತ್ತದೆ. ಕಾದ ಎಂಜಿನ್ನಿನ ಬಿಸಿಗೆ ಕೆಲ ಹೊತ್ತು ಏರುತ್ತದೆ ಕೂಡ. ಗಾಡಿ ಶೆಡ್ಡಿಗೆ ಬಂದು, ಡ್ರೈವರ್ ಊಟಕ್ಕೆ ಹೋದ ಮೇಲೆ, ಕತ್ತಲಲ್ಲಿ ಅದು ಹನಿಹನಿಯಾಗಿ ಕೊಳವೆಯೊಳಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಅಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಬಿಸಿ ಅನಿಲ ತಾಗಿ ಆವಿಯಾಗಿ ಸೈಲೆನ್ಸರಿನಿಂದ ಹೊರಡುತ್ತದೆ. ನಾವು ಘಾಟಿಯುದ್ದಕ್ಕೂ ಹುಡುಕುತ್ತಿದ್ದ ಸೋರಿಕೆ ನಡೆಯುತ್ತಿದ್ದದ್ದು ನಿಂತ ಗಾಡಿಯಲ್ಲಿ. ಹುಡುಗನ ಪುಟದಲ್ಲಿ ‘ಎಷ್ಟು ಸಲ ನಿಂತಿತು’ ಎಂಬುದಕ್ಕೆ ಲೆಕ್ಕ ಹೊಂದಿದ್ದು ಇದಕ್ಕೇ. ಭಾವ ಮೊದಲ ದಿನ ಹೇಳಿದ್ದೂ ನಿಜವೇ ಆಯಿತು, ಆವಿಯಾಗಿಯೇ ಹೋಗುತ್ತಿತ್ತು. ಅವರು ಇದನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಇಷ್ಟಾದರೂ ಇದು ತರ್ಕ, ಕಣ್ಣಿಗೆ ಕಂಡಿರಲಿಲ್ಲ. ನೇರಳೆ ಬೆಳಕಿಗೆ ಹೊಳೆಯುವ ಬಣ್ಣವೊಂದನ್ನು ಸಣ್ಣ ಬಾಟಲಿಯಷ್ಟು ಕೂಲೆಂಟಿಗೆ ಬೆರೆಸಿ ಎರಡು ದಿನ ಗಾಡಿ ಓಡಿಸಿದೆವು. ಮೂರನೆಯ ಸಂಜೆ ಮೇಸ್ತ್ರಿ ಕೂಲರಿನ ಅನಿಲದ ಪೈಪು ಬಿಚ್ಚಿ, ಶೆಡ್ಡಿನ ಬಲ್ಬು ಆರಿಸಲು ಹೇಳಿದರು. ಹೊರಗೆ ಮಳೆ. ಖೋಟಾ ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವಂಥ ನೇರಳೆ ಟಾರ್ಚನ್ನು ಅವರು ಆ ಪೈಪಿನ ಬಾಯಿಗೆ ಹಿಡಿದರು. ಒಳಗೆಲ್ಲ ಒಣ ಮಸಿ, ಕಾಡಿಗೆಗಿಂತ ಕಪ್ಪು. ಆ ಕಪ್ಪಿನ ಅಡಿಯಲ್ಲಿ ಒಂದು ಬದಿಗೆ ಮಾತ್ರ ಮಸಿ ತೊಳೆದುಹೋಗಿ, ಹೆಬ್ಬೆರಳಿನಗಲದ ಗೆರೆಯೊಂದು ಹಸಿರು ಹಳದಿಯಾಗಿ ಮಿಂಚುಹುಳದ ಹಾಗೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೂಲರ್ ಕಳಚಲು ಅರ್ಧ ದಿನ ಹಿಡಿಯಿತು. ಎರಡು ಬೋಲ್ಟು ಮುರಿದವು, ಮೇಸ್ತ್ರಿಯ ಗೆಣ್ಣಿನ ಚರ್ಮ ಹೋಯಿತು. ಕೊನೆಯ ಪರೀಕ್ಷೆಗೆ ಬೇಕಾದದ್ದು ಬಚ್ಚಲಿನ ಪ್ಲಾಸ್ಟಿಕ್ ಟಬ್ಬು. ಕೂಲೆಂಟ್ ಹರಿಯುವ ಒಂದು ಬಾಯಿಗೆ ರಬ್ಬರ್ ಬಿಗಿದು ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ, ಪೆಟ್ಟಿಗೆಯನ್ನು ನೀರಲ್ಲಿ ಮುಳುಗಿಸಿದರು. ಏನೂ ಇಲ್ಲ. ಭಾವನ ಮುಖ ಇಳಿಯಿತು. ಮೇಸ್ತ್ರಿ ಒಳಗಿಂದ ಎರಡು ಚೊಂಬು ಬಿಸಿನೀರು ತರಿಸಿ ಸುರಿದರು. ಲೋಹ ಹಿಗ್ಗಬೇಕಲ್ಲ. ಒಂದು ನಿಮಿಷದ ಮೇಲೆ ಅನಿಲದ ಬಾಯಿಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆದ್ದವು. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹುಡುಕುವಾಗ ಟ್ಯೂಬನ್ನು ಬಾನಿಯಲ್ಲಿ ಒತ್ತುತ್ತಾರಲ್ಲ, ಥೇಟ್ ಅದೇ.

ಹೊಸ ಕೂಲರ್, ಗ್ಯಾಸ್ಕೆಟ್, ಕೂಲೆಂಟ್, ಮಜೂರಿ ಸೇರಿ 14 ಸಾವಿರ. ಬೇಡದ ವಾಟರ್ ಪಂಪಿನ ದುಡ್ಡು ಬೇರೆ. ನಡುವೆ ಒಬ್ಬರು, ಕೂಲರ್ ಯಾಕೆ, ಒಂದು ತಗಡು ಹೊಡೆದು ಇಜಿಆರ್ ದಾರಿಯನ್ನೇ ಮುಚ್ಚಿಬಿಡಿ, ಮೈಲೇಜೂ ಹೆಚ್ಚುತ್ತದೆ ಎಂದರು. ಇದು ಬಹಳ ಕಡೆ ನಡೆಯುತ್ತದೆ, ನಡೆಯಬಾರದು. ಹೊಗೆ ನಿಯಮ ಮುರಿದಂತಾಗುವುದು ಒಂದು. ಒಡೆದ ಕೊಳವೆ ಒಡೆದೇ ಇರುತ್ತದೆ, ಕೂಲೆಂಟು ಅದರ ಸುತ್ತ ಹರಿಯುತ್ತಲೇ ಇರುತ್ತದೆ, ಸೋರಿದ್ದು ಇನ್ನೆಲ್ಲೋ ದಾರಿ ಹುಡುಕುತ್ತದೆ ಎನ್ನುವುದು ಇನ್ನೊಂದು.

ಒಂದು ವಿಷಯ ನಮಗೆ ತಡವಾಗಿ ತಿಳಿಯಿತು. ಬಾಟ್ಲಿ ಖಾಲಿಯಾಗುತ್ತ ಬಂದಂತೆ ಕೂಲೆಂಟಿನ ಜಾಗಕ್ಕೆ ಗಾಳಿ ಸೇರುತ್ತದೆ. ಆ ಗಾಳಿ ಎತ್ತರದಲ್ಲಿರುವ ಇಂಥ ಕೂಲರಿನಲ್ಲಿ ನಿಂತುಬಿಟ್ಟರೆ ಅಲ್ಲಿ ಲೋಹ ಒಣಗಿ ಕಾದು ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಸೋರಿಕೆ ಕೂಲೆಂಟನ್ನು ಕಡಿಮೆ ಮಾಡಿತು, ಕಡಿಮೆಯಾದ ಕೂಲೆಂಟು ಸೋರಿಕೆಯನ್ನು ಹೆಚ್ಚಿಸಿತು. ಮೂರು ಟ್ರಿಪ್ಪಿನ ಅರ್ಧ ಲೀಟರ್ ಎರಡು ಟ್ರಿಪ್ಪಿಗೆ ಇಳಿದದ್ದು ಹೀಗಿರಬೇಕು. ಜೊತೆಗೆ ನಾವು ಸುರಿದದ್ದು ಬರೀ ನಲ್ಲಿ ನೀರು. ಅದರಿಂದ ತುಕ್ಕು ತಡೆಯುವ ಅಂಶ ತೆಳುವಾಗುತ್ತದೆ, ಬೋರ್‌ವೆಲ್ ನೀರಾದರಂತೂ ಕೊಳವೆಗಳಿಗೆ ಸ್ನಾನದ ಹಂಡೆಯ ಹಾಗೆ ಗಾರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ದುಬಾರಿಯೇನಲ್ಲ. ಹಸಿರು, ಕೆಂಪು, ಗುಲಾಬಿ ಬಣ್ಣ ನೋಡಿ ಕೂಲೆಂಟ್ ಬೆರೆಸುವವರೂ ಇದ್ದಾರೆ. ಬಣ್ಣ ಕಂಪನಿಯ ಇಷ್ಟ, ಅದಕ್ಕೊಂದು ನಿಯಮವಿಲ್ಲ. ಡಬ್ಬಿಯ ಹಿಂದೆ ಬರೆದದ್ದನ್ನೂ ಗಾಡಿಯ ಕೈಪಿಡಿಯನ್ನೂ ತಾಳೆ ನೋಡಬೇಕು.

ಆಗಸ್ಟ್ 1ರ ನಂತರ ಪಿಕಪ್ ಮತ್ತೆ ಘಾಟಿ ಇಳಿಯಿತು. ಬಾಟ್ಲಿಯ ಸ್ಕೆಚ್ ಪೆನ್ನಿನ ಗೆರೆ ಮಾಸಿದೆ, ಕೂಲೆಂಟು ಅಲ್ಲೇ ಇದೆ.

ಕೂಲರ್ ಕಳಚಿದ ದಿನದ ಒಂದು ಸಂಗತಿ ಹೇಳಬೇಕು. ಇಳಿಸಿದ ಹಳೆಯ ಕೂಲೆಂಟನ್ನು ಅಗಲದ ತಟ್ಟೆಯೊಂದರಲ್ಲಿ ಶೆಡ್ಡಿನ ಬಾಗಿಲಲ್ಲಿಟ್ಟು ನಾವೆಲ್ಲ ಟಬ್ಬಿನ ಸುತ್ತ ನಿಂತಿದ್ದೆವು. ಮನೆಯ ನಾಯಿ ಹೋಗಿ ಅದನ್ನು ಮೂಸುತ್ತಿತ್ತು, ಹುಡುಗ ಓಡಿಹೋಗಿ ಅಟ್ಟಿದ. ಗ್ಲೈಕಾಲ್ ಸಿಹಿ, ಹಾಗಾಗಿ ನಾಯಿ, ಬೆಕ್ಕು, ಕರು ನೆಕ್ಕುತ್ತವೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಬೆಕ್ಕಿಗೆ ಒಂದು ಟೀ ಚಮಚದಷ್ಟು ಸಾಕು. ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿ ‘ಕೂಲೆಂಟೇ’ ಎಂದು ಖಚಿತಪಡಿಸುವ ಹಳೇ ಮೇಸ್ತ್ರಿಗಳ ಅಭ್ಯಾಸವೂ ಒಳ್ಳೆಯದಲ್ಲ. ನಿಮ್ಮ ಗಾಡಿಯಿಂದ ಕೂಲೆಂಟ್ ಇಳಿಸಿದರೆ ದಯವಿಟ್ಟು ಅದನ್ನು ತೆರೆದಿಡಬೇಡಿ, ಮೋರಿಗೆ ಸುರಿಯಬೇಡಿ. ಹಳೆಯ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ವಿಷ’ ಎಂದು ಬರೆದು, ಗ್ಯಾರೇಜಿನ ಹಳೇ ಆಯಿಲ್ ಸಂಗ್ರಹಿಸುವವರನ್ನು ಕೇಳಿ. ನೆಲಕ್ಕೆ ಚೆಲ್ಲಿದ್ದರೆ ನಾಯಿ ಬರುವ ಮೊದಲು ಮಣ್ಣು ಹಾಕಿ ಬಳಿದು ತೆಗೆಯಿರಿ.